ಮೊಲದ ಕಾಲಲ್ಲಿ ಪಾಸಾದ ಸಿಮೆಂಟ್ ನಮ್ಮ ಪೊಮೇರಿಯನ್‌ಗೂ ಆಗುತ್ತಾ?

ಪ್ರಶ್ನೆ: ಮೇಡಂ, ನಮಸ್ಕಾರ. ನಾವು ಡೊಂಬಿವಲಿಯಲ್ಲಿ ಇರುವವರು, ಮೂಲ ಗದಗದ ಕಡೆ. ನಮ್ಮ ಪೊಮೇರಿಯನ್ ಚಿನ್ನಿಗೆ ಮೂರು ವರ್ಷ, ತೂಕ ಎರಡೂವರೆ ಕೆಜಿ. ದಿವಾನ್ ಮೇಲಿಂದ ಹಾರಿ ಮುಂಗಾಲು ಮುರಿದುಕೊಂಡಳು. ಪ್ಲೇಟ್ ಹಾಕಿಸಿದೆವು. ನಾಲ್ಕು ತಿಂಗಳಾದರೂ ಮೂಳೆ ಕೂಡಲಿಲ್ಲ. ಈಗ ಬೇರೆ ಡಾಕ್ಟರು ನೋಡಿ, ಮೂಳೆಯ ತುದಿಗಳು ಸತ್ತಿವೆ, ಕೆರೆದು ತೆಗೆದರೆ ಹತ್ತಿರ ಹತ್ತಿರ ಒಂದು ಸೆಂಟಿಮೀಟರ್ ಸಂದು ಬೀಳುತ್ತದೆ, ಅಲ್ಲಿಗೆ ಅವಳದೇ ಭುಜದ ಮೂಳೆ ತೆಗೆದು ತುಂಬಬೇಕು, ಇಲ್ಲವೇ ಬೋನ್ ಸಿಮೆಂಟ್ ತುಂಬಬೇಕು ಅಂದಿದ್ದಾರೆ. ಅವರು ಕೊಟ್ಟ ಕಾಗದದಲ್ಲಿ ಈ ಸಿಮೆಂಟನ್ನು ಮೊಲಗಳ ಮುಂಗಾಲಿನಲ್ಲಿ ಪರೀಕ್ಷೆ ಮಾಡಿದ್ದಾರೆ ಅಂತ ಇದೆ. ಆರೋಗ್ಯವಾಗಿರುವ ಮೊಲದ ಮೂಳೆಯನ್ನೇ ಕತ್ತರಿಸಿ ನೋಡ್ತಾರೆ ಅಂತ ಫಾರ್ಮಸಿ ಓದುವ ಮಗ ಹೇಳಿದ. ಕೇಳಿದಾಗಿನಿಂದ ಮನಸ್ಸಿಗೆ ಕಸಿವಿಸಿ. ಆ ಪರೀಕ್ಷೆ ನಿಜವಾಗಿ ಹೇಗೆ ಮಾಡ್ತಾರೆ? ಮೊಲಕ್ಕೆ ಆಗಿದ್ದು ನಾಯಿಗೂ ಆಗುತ್ತಾ? ನಾವು ಸಿಮೆಂಟ್ ಹಾಕಿಸಬೇಕಾ, ಬೇಡವಾ?

ಉತ್ತರ: ಚಿನ್ನಿಯ ಎಕ್ಸ್‌ರೇ ನಾನು ನೋಡಿಲ್ಲ. ಅದನ್ನು ನೋಡಿದ ಡಾಕ್ಟರ ಮಾತೇ ಕೊನೆಯ ಮಾತು. ಆದರೆ ನೀವು ಬರೆದದ್ದನ್ನು ಓದಿದರೆ ನನ್ನ ಒಲವು ಭುಜದ ಮೂಳೆಯ ಕಡೆಗೇ. ಸಿಮೆಂಟ್ ಬೇಕೆನಿಸಿದರೆ ಅದರ ಜೊತೆಗೆ ಹಾಕಲಿ, ಅದರ ಬದಲಿಗೆ ಬೇಡ. ಯಾಕೆ ಅನ್ನುವುದಕ್ಕೆ ಉತ್ತರ ಆ ಮೊಲದ ಪರೀಕ್ಷೆಯಲ್ಲೇ ಇದೆ. ಪುಣೆಯ ಲ್ಯಾಬಿನಲ್ಲಿ ಹಲವು ವರ್ಷ ನಾನು ಮಾಡಿದ ಕೆಲಸ ಅದೇ. ಹಾಗಾಗಿ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಮೊದಲು ಒಂದು ಗೊಂದಲ ಬಿಡಿಸಬೇಕು. ಬೋನ್ ಸಿಮೆಂಟ್ ಅನ್ನುವ ಒಂದೇ ಹೆಸರಲ್ಲಿ ಬೇರೆ ಬೇರೆ ವಸ್ತುಗಳಿವೆ. ಹಳೆಯದು ಅಕ್ರಿಲಿಕ್ ಸಿಮೆಂಟ್. ಪುಡಿ ಒಂದು ಕಡೆ, ದ್ರವ ಒಂದು ಕಡೆ. ಕಲಸಿದ ಕೂಡಲೇ ಹಲ್ಲಿನ ಸೆಟ್ ಮಾಡುವ ಅಂಗಡಿಯ ಘಾಟು ವಾಸನೆ ಬರುತ್ತದೆ, ಯಾಕೆಂದರೆ ಎರಡೂ ಕಡೆ ಬಳಸುವ ರಾಸಾಯನಿಕ ಒಂದೇ. 1950ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಸರ್ಜನ್ ಜಾನ್ ಚಾರ್ನ್ಲಿ ಕೃತಕ ಸೊಂಟದ ಕೀಲು ಕೂರಿಸಲು ಇದನ್ನು ಬಳಸಿದರು. ಅಲ್ಲಿಂದ ಪ್ರಪಂಚವೆಲ್ಲ ಬಳಸಿತು. ಇದು ಗಟ್ಟಿ. ಆದರೆ ಎಂದೆಂದಿಗೂ ಮೂಳೆ ಆಗುವುದಿಲ್ಲ. ಕಲ್ಲು ಇಟ್ಟಹಾಗೆ ಅಲ್ಲೇ ಕೂತಿರುತ್ತದೆ.

ಇನ್ನೊಂದು ಕ್ಯಾಲ್ಸಿಯಂ ಫಾಸ್ಫೇಟ್ ಸಿಮೆಂಟ್. ಅಮೆರಿಕದ ದಂತವಿಜ್ಞಾನದ ಸಂಶೋಧಕರಾದ ಬ್ರೌನ್ ಮತ್ತು ಚೌ 1980ರ ದಶಕದಲ್ಲಿ ಇದನ್ನು ಕಂಡುಹಿಡಿದರು. ಎರಡು ಬಗೆಯ ಕ್ಯಾಲ್ಸಿಯಂ ಫಾಸ್ಫೇಟ್ ಪುಡಿಗೆ ನೀರಿನಂಥ ದ್ರವ ಸೇರಿಸಿ ಕಲಸಿದರೆ, ಮೈಯ ಬಿಸಿಯಲ್ಲೇ ಬಿಗಿದು, ನಮ್ಮ ಮೂಳೆಯ ಖನಿಜವನ್ನೇ ಹೋಲುವ ಹೈಡ್ರಾಕ್ಸಿಅಪಟೈಟ್ ಆಗುತ್ತದೆ. ಮೂಳೆ ಇದನ್ನು ನಿಧಾನಕ್ಕೆ ತಿಂದು ತನ್ನದಾಗಿ ಮಾಡಿಕೊಳ್ಳಬಲ್ಲದು. ನಿಧಾನಕ್ಕೆ ಅಂದರೆ ತಿಂಗಳುಗಟ್ಟಲೆ, ಕೆಲವು ಸಲ ವರ್ಷಗಟ್ಟಲೆ. ಇವೆರಡಕ್ಕಿಂತ ಮುಂಚೆ, 1892ರಲ್ಲೇ, ಜರ್ಮನಿಯ ಡ್ರೀಸ್‌ಮನ್ ಎಂಬ ಡಾಕ್ಟರು ಮೂಳೆಯ ಪೊಳ್ಳಿಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ತುಂಬಿ ನೋಡಿದ್ದರು. ಅದು ಕೆಲವೇ ವಾರಗಳಲ್ಲಿ ಕರಗಿಹೋಗುತ್ತದೆ. ಎಷ್ಟೋ ಸಲ ಹೊಸ ಮೂಳೆ ಬರುವುದಕ್ಕೂ ಮುಂಚೆಯೇ.

ನಿಮ್ಮ ಡಾಕ್ಟರು ಹೇಳಿದ್ದು ಕ್ಯಾಲ್ಸಿಯಂ ಫಾಸ್ಫೇಟ್ ಇರಬೇಕು ಅಂದುಕೊಂಡು ಮುಂದೆ ಬರೆಯುತ್ತಿದ್ದೇನೆ. ಅಕ್ರಿಲಿಕ್ ಆಗಿದ್ದರೆ, ಮೂಳೆ ಬೆಳೆದು ಕೂಡಬೇಕಾದ ಸಂದಿಗೆ ಅದನ್ನು ಕಾಯಂ ಆಗಿ ತುಂಬುವುದು ಬೇಡವೇ ಬೇಡ.

ಪ್ರಾಣಿಯ ಹತ್ತಿರ ಹೋಗುವುದಕ್ಕೂ ಮುಂಚೆ ಟೇಬಲ್ ಮೇಲೆ ಬಹಳ ಕೆಲಸ ಇರುತ್ತದೆ. ನೀವು ಅಂದುಕೊಂಡಹಾಗೆ ನೇರವಾಗಿ ಮೊಲಕ್ಕೆ ಕೈ ಹಾಕುವುದಿಲ್ಲ. ಸಿಮೆಂಟನ್ನು ಕಲಸಿ ನಾಣ್ಯದಷ್ಟು ದೊಡ್ಡ ಬಿಲ್ಲೆ ಮಾಡುತ್ತೇವೆ. ಅದರ ಮೇಲೆ ಗಿಲ್‌ಮೋರ್ ಸೂಜಿ ಅಂತ ಒಂದು ಸಾಧನವನ್ನು ಮೆಲ್ಲಗೆ ಇಳಿಸುತ್ತೇವೆ. ಮನೆ ಕಟ್ಟುವ ಸಿಮೆಂಟಿಗೂ ಇದೇ ಸೂಜಿ. ಒಂದು ಹಗುರ, 113 ಗ್ರಾಂ, ಮೊನೆ ಸ್ವಲ್ಪ ದಪ್ಪ. ಇನ್ನೊಂದು ಭಾರ, 453 ಗ್ರಾಂ, ಮೊನೆ ಸಣ್ಣ. ಮೊದಮೊದಲು ಸೂಜಿ ಮೆತ್ತಗೆ ಒಳಗೆ ಇಳಿದು ಗುಳಿ ಬೀಳುತ್ತದೆ. ಅರ್ಧ ನಿಮಿಷ ಬಿಟ್ಟು ಪಕ್ಕದಲ್ಲಿ ಇನ್ನೊಮ್ಮೆ. ಗುಳಿ ಚಿಕ್ಕದಾಗುತ್ತದೆ. ಮತ್ತೆ ಪಕ್ಕದಲ್ಲಿ. ಹಗುರ ಸೂಜಿಯ ಗುರುತೇ ಬೀಳದ ಹೊತ್ತಿಗೆ ಮೊದಲ ಬಿಗಿತ. ಭಾರದ ಸೂಜಿಯ ಗುರುತೂ ಬೀಳದಿದ್ದರೆ ಪೂರ್ತಿ ಬಿಗಿತ. ಕೊನೆಗೆ ಆ ಬಿಲ್ಲೆ ನೋಡಿದರೆ, ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಆಳದಿಂದ ಸಪಾಟಿಗೆ ಬರುವ ಚುಕ್ಕಿಗಳ ಸಾಲು ಕಾಣುತ್ತದೆ. ಕ್ಯಾಲ್ಸಿಯಂ ಫಾಸ್ಫೇಟಿಗೆ ಮೊದಲ ಬಿಗಿತ 3ರಿಂದ 8 ನಿಮಿಷದಲ್ಲಿ, ಪೂರ್ತಿ ಬಿಗಿತ 15 ನಿಮಿಷದೊಳಗೆ ಬಂದರೆ ಸರ್ಜನ್‌ಗೆ ಅನುಕೂಲ.

ಆಮೇಲೆ ನೀರಿನ ಪರೀಕ್ಷೆ. ಆಗಷ್ಟೇ ಕಲಸಿದ ಸಿಮೆಂಟನ್ನು ಸಿರಿಂಜಿನಿಂದ 37 ಡಿಗ್ರಿಯ ಉಪ್ಪುನೀರಿಗೆ ಬಿಡುತ್ತೇವೆ. ಒಳ್ಳೆಯದಾದರೆ ಶಾವಿಗೆಯ ಎಳೆಯಹಾಗೆ ಹಾಗೇ ನಿಲ್ಲುತ್ತದೆ. ಕೆಟ್ಟದಾದರೆ ನೀರೆಲ್ಲ ಮಜ್ಜಿಗೆಯಂತೆ ಬೆಳ್ಳಗಾಗುತ್ತದೆ. ಆಪರೇಷನ್ ಮಾಡುವಾಗ ರಕ್ತ ಜಿನುಗುತ್ತಲೇ ಇರುತ್ತದೆ ಅಲ್ವಾ? ನೀರಲ್ಲೇ ನಿಲ್ಲದ್ದು ರಕ್ತದಲ್ಲಿ ನಿಲ್ಲುತ್ತದೆಯೇ?

ಬಲದ ಪರೀಕ್ಷೆ ಬೇರೆ. ಅಕ್ರಿಲಿಕ್ ಸಿಮೆಂಟಿಗೆ ಐಎಸ್‌ಒ 5833 ಅನ್ನುವ ಅಂತಾರಾಷ್ಟ್ರೀಯ ಮಾನದಂಡ ಇದೆ. 6 ಮಿಲಿಮೀಟರ್ ದಪ್ಪ, 12 ಮಿಲಿಮೀಟರ್ ಎತ್ತರದ ಕಂಬ ಮಾಡಿ ಒತ್ತಬೇಕು. ಕನಿಷ್ಠ 70 ಮೆಗಾಪಾಸ್ಕಲ್ ತಾಳಬೇಕು. ಅಂದರೆ ಒಂದು ಚದರ ಸೆಂಟಿಮೀಟರ್ ಮೇಲೆ ಸುಮಾರು 700 ಕೆಜಿ ಭಾರ. ಕ್ಯಾಲ್ಸಿಯಂ ಫಾಸ್ಫೇಟ್ ಸಾಮಾನ್ಯವಾಗಿ ಅಷ್ಟು ತಾಳುವುದಿಲ್ಲ. ಒತ್ತಿದರೆ ಒಂದಷ್ಟಾದರೂ ತಾಳುತ್ತದೆ, ಬಾಗಿಸಿದರೆ ಮಾತ್ರ ಸೀಮೆಸುಣ್ಣದಂತೆ ಪಟ್ ಅಂತ ಮುರಿಯುತ್ತದೆ. ಈ ಮಾತು ನೆನಪಿಟ್ಟುಕೊಳ್ಳಿ, ಚಿನ್ನಿಯ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

ಬಿಸಿಯದ್ದೂ ಒಂದು ವಿಷಯ ಇದೆ. ಅಕ್ರಿಲಿಕ್ ಬಿಗಿಯುವಾಗ ಚೆನ್ನಾಗಿ ಕಾಯುತ್ತದೆ. ಲ್ಯಾಬಿನ ಅಚ್ಚಿನಲ್ಲಿ 90 ಡಿಗ್ರಿ ದಾಟಬಾರದು ಅಂತ ಅದೇ ಮಾನದಂಡ ಹೇಳುತ್ತದೆ. ಮೈಯೊಳಗೆ ರಕ್ತ ಹರಿಯುವುದರಿಂದ, ಪದರ ತೆಳುವಾಗಿರುವುದರಿಂದ ಅಷ್ಟು ಏರುವುದಿಲ್ಲ. ಆದರೂ 47 ಡಿಗ್ರಿ ಬಿಸಿ ಒಂದು ನಿಮಿಷ ತಗುಲಿದರೆ ಸಾಕು, ಮೂಳೆಗೆ ಪೆಟ್ಟು ಬೀಳುತ್ತದೆ. ಸ್ವೀಡನ್ನಿನ ಎರಿಕ್ಸನ್ ಮತ್ತು ಆಲ್ಬ್ರೆಕ್ಟ್‌ಸನ್ 1983ರಲ್ಲಿ ಮೊಲದ ಕಾಲಿನ ಮೂಳೆಯಲ್ಲೇ ಇದನ್ನು ತೋರಿಸಿದರು. ಇವತ್ತು ಮನುಷ್ಯರ ಮೂಳೆಗೆ ಡ್ರಿಲ್ ಹಾಕುವ ದಂತವೈದ್ಯರೂ ನೀರು ಚಿಮುಕಿಸುತ್ತಲೇ ಕೊರೆಯುವುದಕ್ಕೆ ಈ ತಿಳಿವಳಿಕೆಯೇ ಆಧಾರ.

ನಮ್ಮ ಊರಿನ ಹವೆಯೂ ಲೆಕ್ಕಕ್ಕೆ ಬರುತ್ತದೆ. ಐಎಸ್‌ಒ ಪರೀಕ್ಷೆ ನಡೆಯುವುದು 23 ಡಿಗ್ರಿ ಕೋಣೆಯಲ್ಲಿ. ನಾನು ಹೊಸದಾಗಿ ಸೇರಿದ್ದ ಲ್ಯಾಬಿನಲ್ಲಿ ಒಂದು ಮೇ ತಿಂಗಳ ಮಧ್ಯಾಹ್ನ ಕರೆಂಟ್ ಹೋಯಿತು, ಏಸಿ ನಿಂತಿತು. ಹೊರಗೆ ಪುಣೆಯ ಬಿಸಿಲು. ಕೆಲಸ ನಿಲ್ಲಿಸುವುದು ಬೇಡ ಅಂತ ಅಕ್ರಿಲಿಕ್ ಕಲಸಿದೆ. ಸಿರಿಂಜಿಗೆ ತುಂಬಿ ಒತ್ತುವಷ್ಟರಲ್ಲಿ ಅದು ಒಳಗೇ ಕಲ್ಲಾಗಿತ್ತು, ಸಿರಿಂಜು ಕೈಗೆ ಬಿಸಿ ತಗುಲುತ್ತಿತ್ತು. ಅಂದು ಮುಂದಿದ್ದದ್ದು ಪ್ಲಾಸ್ಟಿಕ್ ಅಚ್ಚು. ಅದರ ಜಾಗದಲ್ಲಿ ಅರಿವಳಿಕೆ ಕೊಟ್ಟು ಮಲಗಿಸಿದ ಪ್ರಾಣಿ ಇದ್ದಿದ್ದರೆ ಏನು ಗತಿ ಅಂತ ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಅಂದಿನಿಂದ ಕೋಣೆಯ ಬಿಸಿ ನೋಡದೆ ಪೊಟ್ಟಣ ಬಿಚ್ಚಿಲ್ಲ. ನಿಮ್ಮ ಡಾಕ್ಟರ ಥಿಯೇಟರಿನಲ್ಲಿ ಏಸಿ ಹೇಗಿದೆ ಅಂತ ಕೇಳುವುದರಲ್ಲಿ ತಪ್ಪಿಲ್ಲ.

ಇಷ್ಟೆಲ್ಲ ಆದಮೇಲೆ ಜೀವಕೋಶಗಳ ಮೇಲೆ ವಿಷದ ಪರೀಕ್ಷೆ. ಅದರಲ್ಲಿ ಫೇಲಾದ ಸಿಮೆಂಟ್ ಅಲ್ಲಿಗೇ ಮುಗಿಯಿತು. ಪಾಸಾದರೆ ಮಾತ್ರ ಮೊಲ.

ನಿಮ್ಮ ಮಗ ಹೇಳಿದ್ದು ನಿಜ. ಆರೋಗ್ಯವಾಗಿರುವ ಮೊಲಕ್ಕೆ ಪೂರ್ತಿ ಅರಿವಳಿಕೆ ಕೊಟ್ಟು, ಮೂಳೆಯಲ್ಲಿ ಬೇಕೆಂದೇ ಒಂದು ಕೊರತೆ ಮಾಡುತ್ತಾರೆ. ಎಷ್ಟು ದೊಡ್ಡದು ಅನ್ನುವುದರಲ್ಲೇ ಪರೀಕ್ಷೆಯ ಪ್ರಾಣ ಇದೆ. ಸಣ್ಣ ತೂತಾದರೆ ಮೂಳೆ ತಾನೇ ತುಂಬಿಕೊಳ್ಳುತ್ತದೆ. ಆ ತೂತಿಗೆ ಏನು ಹಾಕಿದರೂ ಹನ್ನೆರಡು ವಾರ ಬಿಟ್ಟು ನೋಡಿದಾಗ ಸೊಗಸಾಗಿ ವಾಸಿಯಾಗಿರುತ್ತದೆ. ಸಿಮೆಂಟಿಗೆ ಸುಮ್ನೆ ಹೆಸರು ಬರುತ್ತದೆ. ಹಾಗಾಗಿ ತಾನಾಗಿ ಎಂದೂ ಮುಚ್ಚದಷ್ಟು ದೊಡ್ಡ ಕೊರತೆ ಬೇಕು. ಮೊಲದ ಮುಂಗಾಲಿನ ರೇಡಿಯಸ್ ಮೂಳೆಯಲ್ಲಿ ಸಾಮಾನ್ಯವಾಗಿ 15 ಮಿಲಿಮೀಟರ್ ತುಂಡು ತೆಗೆಯುತ್ತಾರೆ. ಮೂಳೆಯ ಮೇಲಿನ ತೆಳು ಪೊರೆಯನ್ನೂ ತೆಗೆಯಬೇಕು, ಇಲ್ಲದಿದ್ದರೆ ಆ ಪೊರೆಯೇ ಹೊಸ ಮೂಳೆ ಹುಟ್ಟಿಸಿಬಿಡುತ್ತದೆ. ಕೆಲವು ಮೊಲಗಳಲ್ಲಿ ಆ ಜಾಗವನ್ನು ಖಾಲಿ ಬಿಡುತ್ತಾರೆ. ಕೆಲವಕ್ಕೆ ಅವುಗಳದೇ ಮೂಳೆ ತುಂಬುತ್ತಾರೆ. ಕೆಲವಕ್ಕೆ ಸಿಮೆಂಟ್. ಈ ವಿಷಯದ ಯಾವ ವರದಿ ಕೈಗೆ ಬಂದರೂ ನಾನು ಮೊದಲು ಹುಡುಕುವುದು ಖಾಲಿ ಬಿಟ್ಟ ಮೊಲಗಳ ಫಲಿತಾಂಶವನ್ನು. ಅದು ಇಲ್ಲದಿದ್ದರೆ, ಅಥವಾ ಖಾಲಿ ಬಿಟ್ಟದ್ದೂ ತುಂಬಿಕೊಂಡಿದ್ದರೆ, ಸಿಮೆಂಟ್ ಏನು ಮಾಡಿತು ಅಂತ ಹೇಳಲು ಬರುವುದಿಲ್ಲ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಮೊಲದ ಮುಂಗಾಲಿನ ಕೆಳಭಾಗದಲ್ಲಿ ರೇಡಿಯಸ್, ಅಲ್ನಾ ಅಂತ ಎರಡು ಮೂಳೆ. ಎರಡೂ ಬಿಗಿಯಾಗಿ ಅಂಟಿಕೊಂಡಿರುತ್ತವೆ. ರೇಡಿಯಸ್‌ನ ತುಂಡು ತೆಗೆದರೂ ಪಕ್ಕದ ಅಲ್ನಾ ಗಟ್ಟಿ ಇರುವುದರಿಂದ ಅದೇ ದಬ್ಬೆ ಕಟ್ಟಿದಹಾಗೆ ಕೆಲಸ ಮಾಡುತ್ತದೆ. ಪ್ಲೇಟ್ ಬೇಡ, ಸ್ಕ್ರೂ ಬೇಡ. ಆಪರೇಷನ್ ಆದಮೇಲೆ ಮೊಲ ಆ ಕಾಲು ಊರಿ ಓಡಾಡುತ್ತದೆ. ಸಂಶೋಧಕರು ಈ ಜಾಗವನ್ನು ಆರಿಸಿಕೊಳ್ಳುವುದೇ ಅದಕ್ಕೆ, ಪ್ರಾಣಿಗೂ ಹಿಂಸೆ ಕಡಿಮೆ. ಆದರೆ ಅಲ್ಲಿ ಕೂತ ಸಿಮೆಂಟಿಗೆ ಭಾರ ಹೊರುವ ಕೆಲಸ ಅಷ್ಟಾಗಿ ಇರುವುದಿಲ್ಲ. ಅಲ್ನಾ ಹೊರುತ್ತದೆ. ಎರಡೂ ಬದಿಯ ಮೂಳೆತುದಿಗಳು ತಾಜಾ, ರಕ್ತ ಚೆನ್ನಾಗಿ ಹರಿಯುತ್ತಿರುತ್ತದೆ.

ಚಿನ್ನಿಯ ಕಾಲು ನೋಡಿ. ತೂಕದಲ್ಲಿ ಅವಳೂ ಆ ಮೊಲವೂ ಹತ್ತಿರ ಹತ್ತಿರ. ಆದರೆ ದಿವಾನ್ ಮೇಲಿಂದ ಹಾರಿದ ಪೊಮೇರಿಯನ್‌ಗಳಲ್ಲಿ ಸಾಮಾನ್ಯವಾಗಿ ರೇಡಿಯಸ್, ಅಲ್ನಾ ಎರಡೂ ಒಟ್ಟಿಗೆ ಮುರಿದಿರುತ್ತವೆ, ಅದೂ ಮಣಿಕಟ್ಟಿನ ಹತ್ತಿರ. ಚಿಕ್ಕ ತಳಿಯ ನಾಯಿಗಳಲ್ಲಿ ಆ ಜಾಗಕ್ಕೆ ರಕ್ತ ಪೂರೈಕೆ ಮೊದಲೇ ಕಡಿಮೆ, ಸುತ್ತ ಮಾಂಸವೂ ಇಲ್ಲ. ಅದಕ್ಕೇ ಅಲ್ಲಿ ಮೂಳೆ ಕೂಡದೇ ಇರುವುದು ಜಾಸ್ತಿ. ನಿಮ್ಮ ಆರೈಕೆಯಲ್ಲಿ ಏನೋ ತಪ್ಪಾಯಿತು ಅಂತ ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಇಂಥ ಜಾಗದಲ್ಲಿ ಒಂದು ಸೆಂಟಿಮೀಟರ್ ಸಂದು ಸಣ್ಣದಲ್ಲ. ಮೂಳೆಯ ದಪ್ಪದ ಒಂದೂವರೆ ಎರಡು ಪಟ್ಟು ಸಂದು ಬಿದ್ದರೆ ಅದು ತಾನಾಗಿ ಕೂಡುವುದು ಕಷ್ಟ ಅನ್ನುವುದು ಸರ್ಜನ್‌ಗಳ ಒಂದು ಅಂದಾಜು. ಚಿನ್ನಿಯಂಥ ನಾಯಿಯ ಮೂಳೆಯ ದಪ್ಪ ಬರೀ ಐದಾರು ಮಿಲಿಮೀಟರ್ ಇರಬಹುದು, ಲೆಕ್ಕ ಹಾಕಿ.

ಆ ಸಂದಿಗೆ ಬೇಕಾಗಿರುವುದು ಜೀವ. ಭುಜದ ಮೂಳೆಯ ಮೇಲ್ತುದಿಯಿಂದ ಚಮಚದಲ್ಲಿ ಕೆರೆದು ತೆಗೆಯುವ ಸ್ಪಂಜಿನಂಥ ಕೆಂಪು ಮೂಳೆಯಲ್ಲಿ ಜೀವಂತ ಕೋಶಗಳಿವೆ, ಮೂಳೆ ಬೆಳೆ ಅಂತ ಸುತ್ತಲಿನವಕ್ಕೆ ಹೇಳುವ ಪ್ರೋಟೀನುಗಳಿವೆ. ಸಿಮೆಂಟಿನಲ್ಲಿ ಇವೆರಡೂ ಇಲ್ಲ. ಅದರ ರಂಧ್ರಗಳು ಎಷ್ಟು ಸಣ್ಣ ಅಂದರೆ ರಕ್ತನಾಳ ಒಳಗೆ ನುಗ್ಗಲು ಆಗುವುದಿಲ್ಲ. ಮೂಳೆ ಅದನ್ನು ಹೊರಗಿನಿಂದ ಸ್ವಲ್ಪ ಸ್ವಲ್ಪವೇ ಕೊರೆದು ತಿನ್ನಬೇಕು. ಪಕ್ಕದಲ್ಲಿ ಸತ್ತ ತುದಿಗಳಿದ್ದರೆ ತಿನ್ನುವವರು ಯಾರು?

ಇನ್ನೊಂದು ಲೆಕ್ಕ, ಕಾಲದ್ದು. ಹಳೆ ಮೂಳೆ ಕರಗಿ ಹೊಸ ಮೂಳೆ ಬರುವ ಒಂದು ಸುತ್ತಿಗೆ ಮೊಲದಲ್ಲಿ ಸುಮಾರು 6 ವಾರ, ನಾಯಿಯಲ್ಲಿ 12 ವಾರ, ಮನುಷ್ಯರಲ್ಲಿ 17 ವಾರ ಹಿಡಿಯುತ್ತದೆ ಅನ್ನುತ್ತಾರೆ. ಹಾಗಾದರೆ ಕಾಗದದಲ್ಲಿ ಮೊಲಕ್ಕೆ 12 ವಾರದಲ್ಲಿ ಇಷ್ಟು ಮೂಳೆ ಬಂತು ಅಂತ ಇದ್ದರೆ, ಚಿನ್ನಿಗೆ ಅದರ ಎರಡರಷ್ಟು ಕಾಲ ಹಿಡಿದೀತು ಅಂತ ಓದಿಕೊಳ್ಳಬೇಕು. ಮೊಲದ ಫಲಿತಾಂಶ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಈ ವಸ್ತು ವಿಷವಲ್ಲ, ಮೈ ಇದನ್ನು ತಳ್ಳಿಹಾಕುವುದಿಲ್ಲ, ಆರೋಗ್ಯದ ಮೂಳೆ ಪಕ್ಕದಲ್ಲಿದ್ದರೆ ಇದರ ಮೇಲೆ ಹತ್ತಿ ಬೆಳೆಯುತ್ತದೆ. ಅಷ್ಟು ಮಾತನ್ನು ಮೊಲ ನಂಬಿಕೆಯಿಂದ ಹೇಳುತ್ತದೆ. ಭಾರ ಹೊರುವ, ರಕ್ತ ಕಡಿಮೆ ಇರುವ, ಎರಡೂ ಮೂಳೆ ಮುರಿದ ಕಾಲಿನ ಬಗ್ಗೆ ಆ ಪರೀಕ್ಷೆಯಲ್ಲಿ ಯಾರೂ ಅದನ್ನು ಕೇಳಿಯೇ ಇಲ್ಲ.

ವಾಸಿಯಾಯಿತೋ ಇಲ್ಲವೋ ಅಂತ ಹೇಗೆ ನೋಡುತ್ತಾರೆ ಅನ್ನುವುದನ್ನೂ ಹೇಳಬೇಕು, ಇದು ನಿಮಗೆ ಮನೆಯಲ್ಲೂ ಉಪಯೋಗಕ್ಕೆ ಬರುತ್ತದೆ. ಕ್ಯಾಲ್ಸಿಯಂ ಫಾಸ್ಫೇಟ್ ಸಿಮೆಂಟ್ ಎಕ್ಸ್‌ರೇಯಲ್ಲಿ ಮೂಳೆಯಂತೆಯೇ ಬೆಳ್ಳಗೆ ಕಾಣುತ್ತದೆ. ಹಾಕಿದ ದಿನವೇ ಬೆಳ್ಳಗೆ. ಹಾಗಾಗಿ ಬರೀ ಎಕ್ಸ್‌ರೇ ನೋಡಿ ಸಂದು ತುಂಬಿತು ಅನ್ನಲು ಬರುವುದಿಲ್ಲ. ಲ್ಯಾಬಿನಲ್ಲಿ ನಾವು ಬೇರೆ ದಾರಿ ಹಿಡಿಯುತ್ತೇವೆ. ಬೇರೆ ಬೇರೆ ವಾರಗಳಲ್ಲಿ ಟೆಟ್ರಾಸೈಕ್ಲಿನ್, ಅಲಿಜರಿನ್, ಕ್ಯಾಲ್ಸೀನ್ ಅಂಥ ಬಣ್ಣಗಳನ್ನು ಇಂಜೆಕ್ಷನ್ನಿನಲ್ಲಿ ಕೊಡುತ್ತೇವೆ. ಆ ವಾರ ಹುಟ್ಟಿದ ಮೂಳೆಗೆ ಮಾತ್ರ ಆ ಬಣ್ಣ ಹತ್ತುತ್ತದೆ. ಆಮೇಲೆ ಮೂಳೆಯನ್ನು ಅಕ್ರಿಲಿಕ್‌ನಲ್ಲೇ ಹುದುಗಿಸಿ, ವಜ್ರದ ಗರಗಸದಿಂದ ಸೀಳಿ, ಬೆಳಕು ದಾಟುವಷ್ಟು ತೆಳುವಾಗಿ ಉಜ್ಜುತ್ತೇವೆ.

ಅಂಥ ಒಂದು ಸ್ಲೈಡ್ ನನ್ನ ಕಣ್ಣಲ್ಲಿ ಹಾಗೇ ಇದೆ. ಕತ್ತಲೆ ಕೋಣೆ, ಸೂಕ್ಷ್ಮದರ್ಶಕದ ಕೆಳಗೆ ವಿಶೇಷ ಬೆಳಕು. ಎಡಕ್ಕೆ ಮೊಲದ ಹಳೆಯ ಮೂಳೆ, ಬಲಕ್ಕೆ ಸಿಮೆಂಟು ಕಪ್ಪಗೆ. ನಡುವೆ ಹಳದಿ ಗೆರೆ, ಅದರ ಪಕ್ಕ ಕೆಂಪು ಗೆರೆ, ಅದರ ಪಕ್ಕ ಹಸಿರು. ಮರದ ಉಂಗುರದಹಾಗೆ, ವಾರಕ್ಕೊಂದು. ಒಂದು ಕಡೆ ಸಿಮೆಂಟು ಸಣ್ಣದಾಗಿ ಬಿರುಕು ಬಿಟ್ಟಿತ್ತು. ಆ ಬಿರುಕಿನೊಳಗೆ ಹಸಿರು ಗೆರೆ ಬೇರಿನಂತೆ ಇಳಿದಿತ್ತು. ಉಳಿದೆಡೆ ಸಿಮೆಂಟಿನ ಒಳಗೆ ಏನೂ ಇಲ್ಲ, ಬರೀ ಕಪ್ಪು. ಮೂಳೆಗೆ ದಾರಿ ಬಿಟ್ಟರೆ ಮಾತ್ರ ಒಳಗೆ ಬರುತ್ತದೆ ಅನ್ನುವುದು ಅಷ್ಟು ಸ್ಪಷ್ಟವಾಗಿ ನನಗೆ ಬೇರೆಲ್ಲೂ ಕಂಡಿಲ್ಲ.

ಆ ಸ್ಲೈಡ್ ಬರಬೇಕಾದರೆ ಒಂದು ಮೊಲದ ಜೀವ ಹೋಗಿರುತ್ತದೆ. ನಿಮ್ಮ ಕಸಿವಿಸಿ ನನಗೆ ಅರ್ಥವಾಗುತ್ತದೆ, ಅದು ನನಗೂ ಇದೆ. ನಮ್ಮಲ್ಲಿ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ, 1998ರ ನಿಯಮಗಳು ಇದಕ್ಕೆ ಕಟ್ಟು ಹಾಕಿವೆ. ಪ್ರತಿ ಸಂಸ್ಥೆಯಲ್ಲೂ ನೈತಿಕ ಸಮಿತಿ ಇರಬೇಕು. ಅದರಲ್ಲಿ ಪಶುವೈದ್ಯರು, ಹೊರಗಿನವರು, ವಿಜ್ಞಾನಿಯಲ್ಲದ ಒಬ್ಬರು ಕೂತಿರಬೇಕು. ಎಷ್ಟು ಮೊಲ, ಅದಕ್ಕಿಂತ ಕಡಿಮೆ ಯಾಕೆ ಆಗುವುದಿಲ್ಲ, ನೋವಿಗೆ ಏನು ಕೊಡುತ್ತೀರಿ, ಎಲ್ಲಕ್ಕೂ ಉತ್ತರ ಬರೆದು ಕೊಡಬೇಕು. ನಾಯಿಯಂಥ ದೊಡ್ಡ ಪ್ರಾಣಿಯಾದರೆ ಕೇಂದ್ರದ ಸಮಿತಿಯ ಒಪ್ಪಿಗೆಯೂ ಬೇಕು. ಕಾಗದದ ಕೆಲಸ ಅಂತ ಕೆಲವರು ಗೊಣಗುತ್ತಾರೆ. ನಾನು ಒಪ್ಪುವುದಿಲ್ಲ. ಒಮ್ಮೆ ಸಮಿತಿಯಲ್ಲಿದ್ದ ಒಬ್ಬ ನಿವೃತ್ತ ಶಾಲಾ ಶಿಕ್ಷಕಿ ಕೇಳಿದ ಒಂದೇ ಪ್ರಶ್ನೆಯಿಂದ ನಮ್ಮ ಯೋಜನೆಯ ಒಂದು ಗುಂಪೇ ಕಡಿಮೆಯಾಯಿತು. ಆ ಗುಂಪಿನಿಂದ ಹೊಸದೇನೂ ತಿಳಿಯುವಹಾಗಿರಲಿಲ್ಲ.

ಮೊಲ ನೋವಾದರೆ ಸಾಮಾನ್ಯವಾಗಿ ಕೂಗುವುದಿಲ್ಲ. ಮೂಲೆಯಲ್ಲಿ ಮುದುಡಿ ಕೂರುತ್ತದೆ. ಕಣ್ಣು ಅರ್ಧ ಮುಚ್ಚುತ್ತದೆ. ಹಾಕಿದ ಹುಲ್ಲು ಹಾಗೇ ಉಳಿಯುತ್ತದೆ. ಆಪರೇಷನ್ ಆದ ರಾತ್ರಿ ಯಾರಾದರೂ ಹೋಗಿ ಆ ಹುಲ್ಲಿನ ಬಟ್ಟಲು ನೋಡಲೇಬೇಕು. ನಮ್ಮಲ್ಲಿ ಆ ಪಾಳಿಯನ್ನು ವಿದ್ಯಾರ್ಥಿಗಳಿಗೆ ಮಾತ್ರ ಬಿಡುತ್ತಿರಲಿಲ್ಲ, ನಾವೂ ಹೋಗುತ್ತಿದ್ದೆವು. ನೋವು ಕಡಿಮೆಯಾಗದ ಮೊಲದಲ್ಲಿ ಮೂಳೆಯೂ ಸರಿಯಾಗಿ ಬೆಳೆಯುವುದಿಲ್ಲ, ಫಲಿತಾಂಶವೂ ಕೆಡುತ್ತದೆ.

ಈಗ ಡಾಕ್ಟರ ಹತ್ತಿರ ಏನು ಕೇಳಬೇಕು. ಮೊದಲು, ಹಳೆ ಪ್ಲೇಟಿನ ಜಾಗದಲ್ಲಿ ಸೋಂಕು ಇದೆಯೇ ಅಂತ ಕಲ್ಚರ್ ಮಾಡಿಸುತ್ತೀರಾ ಅಂತ ಕೇಳಿ. ಸೋಂಕಿದ್ದರೆ ಅದು ಹೋಗುವ ತನಕ ಯಾವ ಸಿಮೆಂಟೂ ಬೇಡ, ಅದರ ಮೈಮೇಲೇ ಕೀಟಾಣು ಮನೆ ಮಾಡುತ್ತವೆ. ಎರಡನೆಯದು, ಹೊಸ ಪ್ಲೇಟ್ ಒಂದೇ ಭಾರವೆಲ್ಲ ಹೊರುವಷ್ಟು ಗಟ್ಟಿ ಇರುತ್ತದೆಯೇ? ಸೀಮೆಸುಣ್ಣದ ಮಾತು ಹೇಳಿದೆನಲ್ಲ, ಸಂದಿನಲ್ಲಿ ಅಲುಗಾಟ ಇದ್ದರೆ ಸಿಮೆಂಟ್ ಪುಡಿಯಾಗುತ್ತದೆ. ಪ್ಲೇಟ್ ಸರಿಯಾಗಿ ಕೂರುವುದು ಏನು ತುಂಬುತ್ತೇವೆ ಅನ್ನುವುದಕ್ಕಿಂತ ದೊಡ್ಡ ವಿಷಯ. ಇನ್ನೊಂದು, ಸಂದು ಪೂರ್ತಿ ಬಿಡದೆ ಮೂಳೆಯನ್ನು ಸ್ವಲ್ಪ ಹತ್ತಿರ ತಂದು ಕೂರಿಸಲು ಆಗುತ್ತದೆಯೇ ಅಂತಲೂ ಕೇಳಿ. ಕಾಲು ಚೂರು ಗಿಡ್ಡವಾದರೂ ನಾಯಿಗಳು ಮೊಣಕೈ ಚಾಚಿ ಹೊಂದಿಕೊಳ್ಳುತ್ತವೆ.

ಎರಡೂವರೆ ಕೆಜಿಯ ನಾಯಿಯ ಭುಜದಲ್ಲಿ ಸಿಗುವ ಮೂಳೆ ಬಹಳ ಕಮ್ಮಿ. ಸಾಲದೇ ಹೋದರೆ ಸೊಂಟದ ಮೂಳೆಯಿಂದಲೂ ಸ್ವಲ್ಪ ತೆಗೆಯಬಹುದು. ಆಗಲೂ ಸಾಲದಿದ್ದರೆ ಸಿಮೆಂಟಿಗೆ ಬದಲು ಕ್ಯಾಲ್ಸಿಯಂ ಫಾಸ್ಫೇಟಿನ ರಂಧ್ರವಿರುವ ಹರಳುಗಳನ್ನು ಅವಳ ಮೂಳೆಗೆ ಬೆರೆಸುವುದು ನನಗೆ ಹೆಚ್ಚು ಸರಿ ಕಾಣುತ್ತದೆ. ಹರಳುಗಳ ನಡುವೆ ರಕ್ತನಾಳಕ್ಕೆ ದಾರಿ ಇರುತ್ತದೆ.

ಎರಡನೇ ಅಭಿಪ್ರಾಯ ಬೇಕೆನಿಸಿದರೆ ಪರೇಲ್‌ನಲ್ಲಿ ಬಾಂಬೆ ವೆಟರ್ನರಿ ಕಾಲೇಜು ಇದೆ, 1886ರಿಂದ ನಡೆದುಬಂದದ್ದು. ಹಳೆಯ ಮತ್ತು ಹೊಸ ಎಕ್ಸ್‌ರೇ ಎರಡನ್ನೂ ಒಯ್ಯಿರಿ.

ಆಪರೇಷನ್ ಆದ ಮರುದಿನವೇ ಒಂದು ಎಕ್ಸ್‌ರೇ ತೆಗೆಸಿ ಜೋಪಾನವಾಗಿ ಇಟ್ಟುಕೊಳ್ಳಿ. ಮುಂದೆ ತೆಗೆಸುವುದನ್ನೆಲ್ಲ ಅದರ ಪಕ್ಕ ಹಿಡಿದೇ ನೋಡಬೇಕು. ಸಂದಿನ ಅಂಚಿನ ಗೆರೆ ಮಸುಕಾಗುತ್ತಾ ಬಂದರೆ ಒಳ್ಳೆಯದು. ಕನಿಷ್ಠ ಆರು ವಾರ ಚಿನ್ನಿಯನ್ನು ಹಾರಲು ಬಿಡಬೇಡಿ. ಟೈಲ್ಸ್ ಮೇಲೆ ಚಾಪೆ ಹಾಸಿ, ಜಾರದಿರಲಿ. ದಿವಾನ್ ಪಕ್ಕ ಎರಡು ಮೆಟ್ಟಿಲಿನ ಗಟ್ಟಿ ಸ್ಟೂಲ್ ಈಗಲೇ ತಂದಿಟ್ಟು, ಅವಳಿಗೆ ಅದರ ಮೇಲಿಂದ ಇಳಿಯುವುದನ್ನು ಕಲಿಸಿ. ಸಿಮೆಂಟಿನ ಪೊಟ್ಟಣದ ಮೇಲಿನ ಪೂರ್ತಿ ಹೆಸರನ್ನು ನನಗೆ ಬರೆದು ಕಳಿಸಿದರೆ, ಅದು ಇವುಗಳಲ್ಲಿ ಯಾವ ಬಗೆಯದು ಅಂತ ನೋಡಿ ಹೇಳುತ್ತೇನೆ.